ಶಾರ್ಕ್ ಎಂಬ ದೋಣಿ

ಚಂಡಮಾರುತದ ಕಾಲ ಶುರುವಾಗುವ ಮೊದಲು ನೇಯಾಫು ಬಂದರಿನ ರೇಡಿಯೋ ಕೋಣೆಗೆ ಮುನ್ನೂರು ದೋಣಿಗಳ ಹೆಸರು ಬೇಕಿತ್ತು. ಹಳೆಯ ಪಟ್ಟಿಯಲ್ಲಿ ಒಂದೊಂದು ಹೆಸರಿಗೂ ನೋಂದಣಿ ಸಂಖ್ಯೆ, ಗೆರೆ, ಚುಕ್ಕಿ, ನಕ್ಷತ್ರ ಅಂಟಿಕೊಂಡಿದ್ದವು. ಕೈಯಿಂದ ಬಿಡಿಸಲು ನಾನು ಒಂದು ವಾರ ಕೇಳಿದ್ದೆ. ಪಕ್ಕದ ಮೇಜಿನ ಲೋಸಾಲಿನೆ ಕಂಪ್ಯೂಟರಿಗೆ ನಾಲ್ಕೇ ಸಾಲಿನ ಸ್ಕ್ರಿಪ್ಟ್ ಬರೆದಳು: ಒಂದೊಂದೇ ಗುರುತನ್ನು ನೋಡು, ಅಕ್ಷರವಾದರೆ ಇಟ್ಟುಕೋ, ಇಲ್ಲವಾದರೆ ಬಿಡು, ಉಳಿದದ್ದನ್ನು ಜೋಡಿಸು. ನನ್ನ ಚಹಾ ಮುಗಿಯುವಷ್ಟರಲ್ಲಿ ಮುನ್ನೂರು ಹೆಸರುಗಳೂ ತೊಳೆದಿಟ್ಟಂತೆ ನಿಂತಿದ್ದವು.

ಪಟ್ಟಿಯನ್ನು ಹಲಗೆಗೆ ಅಂಟಿಸಿದ ಬೆಳಿಗ್ಗೆ ಮುದುಕ ಸಿಯೋಸೈಯಾ ಅದರ ಮುಂದೆ ಬಹಳ ಹೊತ್ತು ನಿಂತು, ಲೋಸಾಲಿನೆಯತ್ತ ತಿರುಗಿದ.

“ಮಗಳೇ, ನನ್ನ ದೋಣಿ ಶಾರ್ಕ್. ನೀನದನ್ನ ‘ನಡತೆ’ ಮಾಡಿಟ್ಟಿದೀಯ. ನನ್ನ ಹೆಂಡ್ತಿಗೆ ಖುಷಿಯಾಗುತ್ತೆ ಬಿಡು, ನಲವತ್ತು ವರ್ಷದಿಂದ ಅದನ್ನೇ ಕಲಿ ಅಂತಿದಾಳೆ.”

ಸುತ್ತಲಿದ್ದವರು ನಕ್ಕರು. ನಮ್ಮ ದ್ವೀಪದ ಭಾಷೆಯಲ್ಲಿ ‘ಅಙ’ ಎಂದರೆ ನಡತೆ. ಗಂಟಲನ್ನು ಒಮ್ಮೆ ಬಿಗಿಹಿಡಿದು ಅದನ್ನೇ ಅಂದರೆ ಶಾರ್ಕ್. ಆ ಬಿಗಿತಕ್ಕೆ ಬರೆಯುವ ಪುಟ್ಟ ಕೊಂಡಿಯೂ ನಮಗೆ ಅಕ್ಷರವೇ. ಹಳೆಯ ಪಟ್ಟಿಯಲ್ಲಿ ಅದನ್ನು ಉದ್ಧರಣ ಚಿಹ್ನೆಯಾಗಿ ಒತ್ತಿದ್ದರು. ಕಂಪ್ಯೂಟರ್ ಕಸವೆಂದು ಎಸೆದಿತ್ತು.

“ತಪ್ಪು ಕಂಪ್ಯೂಟರಿಂದು ಅಂದ್ಬಿಡು,” ಎಂದು ನಾನು ಲೋಸಾಲಿನೆಯ ಕಿವಿಯಲ್ಲಿ ಪಿಸುಗುಟ್ಟಿದೆ.

“ಯಾವುದು ಅಕ್ಷರ ಅಂತ ಅದಕ್ಕೆ ಹೇಳ್ಬೇಕಾದೋಳು ನಾನಲ್ವಾ?”

ನಿಯಮದೊಳಗೆ ಆ ಕೊಂಡಿಯನ್ನು ಸೇರಿಸಲು ಅವಳಿಗೆ ಒಂದು ನಿಮಿಷ ಸಾಕಾಯಿತು. ನಾನಾಗಿದ್ದರೆ ಅಲ್ಲಿಗೇ ಮುಗಿಸುತ್ತಿದ್ದೆ. ಅವಳು ಹೊಸ ಪಟ್ಟಿ ಹಿಡಿದು, ಕುರ್ಚಿ ಎತ್ತಿಕೊಂಡು, ದೋಣಿ ಕಟ್ಟುವ ದಕ್ಕೆಗೆ, ಸಿಯೋಸೈಯಾ ಇದ್ದಲ್ಲಿಗೆ ಹೊರಟಳು.

“ಅಜ್ಜ, ಇದನ್ನ ಒಮ್ಮೆ ಓದಿ.”

“ಕನ್ನಡಕ ತಂದಿಲ್ಲ ಮಗಳೇ.”

“ಹಲಗೆ ಮುಂದೆ ಕಣ್ಣು ಚೆನ್ನಾಗೇ ಕಾಣ್ತಿತ್ತಲ್ಲ?”

“ಅದು ನನ್ನ ದೋಣಿ. ಉಳಿದೋರದ್ದು ನನಗ್ಯಾಕೆ ಕಾಣ್ಬೇಕು?”

“ಸರಿ, ನಾನು ಓದ್ತೀನಿ. ತಪ್ಪಾದಾಗ ಬೈಯಿರಿ.”

ಮೂರು ದಿನ ಬಿಸಿಲಲ್ಲಿ ಕೂತು ಅವಳು ಓದಿದಳು. ಮುದುಕ ಮನಸಾರೆ ಬೈದ. ಹಿಂದೆ ಯಾರೋ ‘O’ ಅಕ್ಷರದ ಬದಲು ಸೊನ್ನೆ ಒತ್ತಿದ್ದ ಹನ್ನೊಂದು ಹೆಸರುಗಳಲ್ಲಿ ಒಂದೊಂದು ಅಕ್ಷರ ಉದುರಿಹೋಗಿದ್ದು ಸಿಕ್ಕಿದ್ದು ಹಾಗೆ. ಅವನ್ನು ಮಾಲೀಕರನ್ನೇ ಕೇಳಿ ಕೈಯಿಂದ ತಿದ್ದಿದಳು.

ಜನವರಿಯ ಮೊದಲ ಬಿರುಗಾಳಿಗೆ ರೇಡಿಯೋ ಮುಂದೆ ಕೂತಿದ್ದವನು ನಾನು. ಹೊರಗಿದ್ದ ದೋಣಿಗಳನ್ನೆಲ್ಲ ಹೆಸರು ಹಿಡಿದು ಕರೆದೆ. ಎಲ್ಲವೂ ಓಗೊಟ್ಟವು, ಎಲ್ಲವೂ ದಡ ಸೇರಿದವು.

ಆಮೇಲೆ ನೆರೆಯ ಹಾಅಪಾಯ್ ದ್ವೀಪಗಳ ಬಂದರಿನವರು ಅವಳ ಸ್ಕ್ರಿಪ್ಟ್ ಕೇಳಿದರು. ಕಳಿಸುವಾಗ ಅವಳು ಕೊನೆಗೊಂದು ಸಾಲು ಬರೆದದ್ದನ್ನು ನೋಡಿದೆ: “ಸ್ಕ್ರಿಪ್ಟ್ ಓಡಿಸಿದ ಮೇಲೆ ಪಟ್ಟಿಯನ್ನು ದಕ್ಕೆಗೆ ಒಯ್ದು ಗಟ್ಟಿಯಾಗಿ ಓದಿ.”