ಈ ಕಡೆ ತಿರುಗಿ

ಎಲ್ಲದಕ್ಕೂ ತಲೆ ಆಡಿಸ್ತಾಳಮ್ಮ ನಿಮ್ಮ ಮಗಳು, ಗೊತ್ತಾಯ್ತಾ ಅಂದ್ರೆ ಹೂಂ, ಬರ್ಕೊಂಡ್ಯಾ ಅಂದ್ರೆ ಹೂಂ, ಆಮೇಲೆ ಕೇಳಿದ್ರೆ ಪಿಳಿಪಿಳಿ ಕಣ್ಣು ಬಿಡ್ತಾಳೆ — ಹೆಡ್ಮಾಸ್ಟರು ಪಕ್ಕದಲ್ಲೇ ಕೂತು ಪಿಸುಗುಟ್ಟುತ್ತಿದ್ದಾರೆ, ಗಿರಣಿಯವಳಿಗೆ ಪಿಸುಮಾತು ಅರ್ಧಂಬರ್ಧವೇ ತಲುಪುವುದು, ಉಳಿದದ್ದನ್ನು ಅವರ ತುಟಿ ನೋಡಿ ತುಂಬಿಕೊಳ್ಳುತ್ತಾಳೆ, ಕೂತಿರುವುದು ಮಕ್ಕಳ ಬೆಂಚು, ಹಿಂದಿನ ಸಾಲು, ಮೊಣಕಾಲು ಮುಂದಿನ ಹಲಗೆಗೆ ಒತ್ತುತ್ತಿದೆ, ತೋಳಿನ ಮೇಲೆ ಎಷ್ಟು ಕೊಡವಿದರೂ ಹೋಗದ ಹಿಟ್ಟು, ಅಲ್ಲಿ ಮೊದಲ ಬೆಂಚಿನಲ್ಲಿ ಕಾಳು, ಹುಟ್ಟಿದಾಗ ಕಾಳಿನಷ್ಟೇ ಇದ್ದಳು ಅಂತ ಅಪ್ಪ ಇಟ್ಟ ಹೆಸರು ಇನ್ನೂ ಹೋಗಿಲ್ಲ, ಬೆನ್ನು ಕಾಣುತ್ತದೆ, ಎರಡು ಜಡೆ, ಕಿವಿಯ ಹಿಂದೆ ಅವರೆಬೀಜಕ್ಕಿಂತ ತುಸು ದೊಡ್ಡ ಕೇಳಿಸುವ ಯಂತ್ರ, ಲೆಕ್ಕದ ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಏನೋ ಕೇಳಿದರು, ಎಲ್ಲರೂ ಹೂಂ ಅಂದರು, ಜಡೆ ಎರಡೂ ಅಲ್ಲಾಡಿದವು — ಆಡಿಸಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ, ಈವತ್ತೊಂದು ದಿನ ತಲೆ ಆಡಿಸಬೇಡ, ಈವತ್ತಿನ ಪಾಠ ಹಿಡಿದರೆ ಜೊತೆಯವರೊಂದಿಗೆ ಮೇಲಿನ ಕ್ಲಾಸು, ಇಲ್ಲದಿದ್ದರೆ ಒಂದು ಕ್ಲಾಸು ಕೆಳಗೆ, ಹಲ್ಲು ಬೀಳುವ ಮಕ್ಕಳ ನಡುವೆ, ಹೆಡ್ಮಾಸ್ಟರು ಅದನ್ನು ಬೈದು ಹೇಳಲಿಲ್ಲ, ಮಗೂಗೆ ಸುಲಭ ಆಗ್ಲಿ ಅಂತಮ್ಮ ಅಂದರು, ಅದೇ ಹೆಚ್ಚು ಚುಚ್ಚಿದ್ದು.

ಸುಲಭವಂತೆ, ಗಿರಣಿಯಲ್ಲಿ ಬಂದು ನೋಡಲಿ, ಕಲ್ಲು ತಿರುಗುವಾಗ ಸಿಡಿಲು ಬಿದ್ದರೂ ಕೇಳದ ಜಾಗದಲ್ಲಿ ಆ ಮೂಲೆಯ ಗಿರಾಕಿ ನುಣ್ಣಗೆ ಬೇಕು ಅಂದರೆ ಈ ಮೂಲೆಯಿಂದ ನಮ್ಮ ಕಾಳು ಅದನ್ನು ಹಿಡಿದು ಹೇಳುತ್ತಾಳೆ, ಅಮ್ಮ, ಅವರಿಗೆ ನುಣ್ಣಗಂತೆ, ಇವರದ್ದು ತರಿತರಿಯಂತೆ, ನಮ್ಮತ್ತೆ ಹೆಮ್ಮೆಪಟ್ಟು ಇದರ ಕಿವಿಯೋ ಕಿವಿ ಅಂತಿದ್ದರು, ಕಿವಿಯಂತೆ, ಗಿರಣಿಯಲ್ಲಿ ಯಾರೂ ಯಾರ ಬೆನ್ನಿಗೂ ಮಾತಾಡುವುದಿಲ್ಲ, ಎದುರು ಬಂದು, ಕಣ್ಣು ಸೇರಿಸಿ, ಬಾಯಿ ಅಗಲಿಸಿ ಹೇಳುವುದು, ಅದು ನಮ್ಮ ಕಸುಬಿನ ರೂಢಿ, ಮನೆಗೆ ಬಂದ ನೆಂಟರೂ ಎರಡು ದಿನದಲ್ಲಿ ಹಾಗೇ ಆಗುತ್ತಾರೆ, ಅಂಥ ಮನೆಯಲ್ಲಿ ಮಗು ಬೆಳೆಯಿತು, ಯಾರಿಗೂ ಅನುಮಾನ ಬರಲಿಲ್ಲ, ಎಲ್ಲರೂ ತುಟಿ ಓದುವವರೇ ಆದ ಮೇಲೆ ಯಾರಿಗೆ ಕೇಳಿಸುತ್ತದೆ ಯಾರಿಗಿಲ್ಲ ಅಂತ ಹೇಗೆ ತಿಳಿಯಬೇಕು, ಬೆಲ್ಟು ಹರಿದು ಗಿರಣಿ ನಿಂತ ಆ ಮಧ್ಯಾಹ್ನ, ಅಬ್ಬ ಎಂಥ ನಿಶ್ಶಬ್ದ, ಜೇಡ ನಡೆದರೂ ಕೇಳುವಷ್ಟು, ಅತ್ತೆ ಹಿಂದಿನಿಂದ ಕಾಳೂ ನೀರು ತಾರೇ ಅಂದರು, ಅವಳು ತಿರುಗಲಿಲ್ಲ, ನೋಡು ಕೊಬ್ಬು ಅಂದರು, ಅವಳಪ್ಪ ಕರೆದ, ತಿರುಗಲಿಲ್ಲ, ಗಿರಣಿಯವಳು ಬೆನ್ನ ಹಿಂದೆ ಹೋಗಿ ನಿಂತು ನಿಂಗೆ ಮಿಠಾಯಿ ತಂದಿದೀನಿ ಕಣೇ ಅಂದಳು, ಜಡೆ ಒಂದಿಷ್ಟೂ ಅಲ್ಲಾಡಲಿಲ್ಲ — ಮಿಠಾಯಿಗೂ ತಿರುಗದ ಮಗು — ಅಪ್ಪನ ಕೈಯಲ್ಲಿದ್ದ ಬೆಲ್ಟು ಹಾಗೇ ಜಾರಿತು.

ಕಿವಿಗೆ ಮಿಷನ್ ಹಾಕ್ಸಿದೀರಲ್ಲಮ್ಮ, ಈಗ ಕೇಳಿಸ್ಬೇಕಲ್ಲ ಅಂತ ಹೆಡ್ಮಾಸ್ಟರು, ಕೇಳಿಸುತ್ತದೆ ಸಾರ್, ಫ್ಯಾನೂ ಕೇಳಿಸುತ್ತದೆ, ಬೆಂಚು ಎಳೆಯುವುದೂ ಕೇಳಿಸುತ್ತದೆ, ಎಲ್ಲ ಒಟ್ಟಿಗೆ ಬಂದು ಗಿರಣಿಯಾಗುತ್ತದೆ, ಕೇಳಿಕೊಂಡಿದ್ದು ಒಂದೇ, ಮುಖ ತೋರಿಸಿ ಮಾತಾಡಿ ಅಂತ, ಮೇಷ್ಟ್ರು ಒಳ್ಳೆಯವರು, ಆಗಲಮ್ಮ ಅಂದರು, ಮರೆತೂ ಬಿಟ್ಟರು, ಗೋಡೆಗೆ ಪಾಠ ಹೇಳಿ ಹೇಳಿ ಅಭ್ಯಾಸವಾದ ಬೆನ್ನು ಅದು, ಮಗಳಿಗೂ ಹೇಳಿದ್ದಳು, ಕೇಳಿಸಲಿಲ್ಲ ಅಂದ್ರೆ ಕೇಳಿಸಲಿಲ್ಲ ಅನ್ನು, ನಾಚಿಕೆಯೇನು, ಅದಕ್ಕೆ ಕಾಳು, ಎಲ್ರೂ ನಗ್ತಾರಮ್ಮ, ನಕ್ಕರೆ ಅವರ ಹಲ್ಲು ಎಣಿಸು ಅಂದಿದ್ದಳು — ಈಗ ಮತ್ತೆ ಆ ಬೆನ್ನು, ಸೀಮೆಸುಣ್ಣ ಕಿರ್ ಅಂತಿದೆ, ತೊಟ್ಟಿಯ ಚಿತ್ರ, ಎರಡು ನಲ್ಲಿ, ಬೋರ್ಡಿಗೇ ಏನೇನೋ ಹೇಳಿ ಮುಗಿಸಿ, ಗೊತ್ತಾಯ್ತಾ, ಹೂಂ ಸಾರ್ ಅಂತ ಇಡೀ ಕ್ಲಾಸು, ಗಿರಣಿಯವಳ ಕಣ್ಣು ಆ ಎರಡು ಜಡೆಯ ಮೇಲೆ, ಈಗ ಆಡುತ್ತವೆ, ಈಗ, ಈಗ — ಆಡಲಿಲ್ಲ. ಒಂದು ಕೈ ಮೇಲೆ ಹೋಯಿತು, ಬಳಪ ಹಿಡಿದ ಹಾಗೆ ಬೆರಳು ಮುದುರಿಕೊಂಡ ಕೈ, ಸಾರ್ ನಂಗೆ ಕೇಳಿಸ್ಲಿಲ್ಲ, ಈ ಕಡೆ ತಿರುಗಿ ಹೇಳಿ.

ಯಾರೋ ಕಿಸಕ್ಕೆಂದರು, ಮೇಷ್ಟ್ರು ತಿರುಗಿದರು, ಮುಖದಲ್ಲಿ ಸುಣ್ಣದ ಪುಡಿ, ತಪ್ಪಾಯ್ತು ಮರಿ, ಒಂದು ನಲ್ಲಿ ಬಿಟ್ರೆ ತೊಟ್ಟಿ ಮೂರು ಗಂಟೇಲಿ ತುಂಬುತ್ತೆ, ಇನ್ನೊಂದು ಬಿಟ್ರೆ ಆರು, ಎರಡೂ ಬಿಟ್ರೆ, ಒಂಬತ್ತು ಸಾರ್ ಅಂತ ಕಿಸಕ್ಕೆಂದವನೇ ಕೂಗಿದ, ಭಲೇ, ಇನ್ನೊಂದು ನಲ್ಲಿ ಬಿಟ್ಟಿದ್ದಕ್ಕೆ ನೀರಿಗೆ ಸಿಟ್ಟು ಬಂತೇನೋ ಅಂದರು ಮೇಷ್ಟ್ರು, ಕ್ಲಾಸೆಲ್ಲ ನಗು, ಆ ನಗುವಿನೊಳಗಿಂದ ಕಾಳುವಿನ ಗಟ್ಟಿ ಗಿರಣಿ ದನಿ, ಎರಡು ಗಂಟೆ. ಹೆಂಗೆ ಹೇಳ್ತೀ, ಜೋರು ನಲ್ಲಿ ಅಂದ್ರೆ ನಿಧಾನದ್ದು ಎರಡು ಇದ್ದಂಗೆ ಸಾರ್, ಅದೂ ಸೇರಿದ್ರೆ ಮೂರು, ಒಬ್ಬನ ಆರು ಗಂಟೆ ಕೆಲ್ಸ ಮೂರು ಜನ ಹಂಚ್ಕೊಂಡ್ರೆ ಎರಡು — ಮೇಷ್ಟ್ರು ಬೋರ್ಡು ನೋಡಿದರು, ಮಗುವನ್ನು ನೋಡಿದರು, ನಾನು ಬೋರ್ಡು ತುಂಬಾ ಬರೀಬೇಕು ಅಂತಿದ್ದೆ ಕಣೇ, ಹೆಡ್ಮಾಸ್ಟರು ಈಗ ಪಿಸುಗುಟ್ಟಲಿಲ್ಲ, ಪೂರ್ತಿ ಗಿರಣಿಯವಳ ಕಡೆ ತಿರುಗಿ, ಬಾಯಿ ಅಗಲಿಸಿ, ಮೇಲಿನ ಕ್ಲಾಸಿಗೇ ಹೋಗ್ಲಮ್ಮ ಅಂದರು, ಹೂಂ ಸಾರ್ ಅಂದಳು ಗಿರಣಿಯವಳು, ಎಷ್ಟು ಜೋರೆಂದರೆ ಕ್ಲಾಸೇ ಹಿಂದೆ ನೋಡಿತು, ಎಲ್ಲರೂ ತಿರುಗಿದ್ದು ಕಂಡು ಕಾಳುವೂ ತಿರುಗಿದಳು, ಅಮ್ಮ ದನಿಯಿಲ್ಲದೆ ತುಟಿಯಲ್ಲೇ ಅಂದಳು, ಗೆದ್ದೆ ಕಣೇ, ಅವಳೂ ತುಟಿಯಲ್ಲೇ, ಸುಮ್ನಿರಮ್ಮ, ಪಾಠ ನಡೀತಿದೆ.

ಸರಿ ಮುಂದಿನದು ಅಂತ ಮೇಷ್ಟ್ರು ಬೋರ್ಡಿಗೆ ತಿರುಗಿ ಸೀಮೆಸುಣ್ಣ ಊರಿದರು, ಬಾಯಿ ತೆರೆದರು, ಈಗ ಒಂದು — ಅಲ್ಲಿಗೇ ನಿಂತರು, ಸುಣ್ಣದ ಗೆರೆ ಅರ್ಧದಲ್ಲಿ, ಅರ್ಧ ಗೆರೆಯನ್ನು ಬಿಟ್ಟು ಮೆಲ್ಲಗೆ ಈ ಕಡೆ ತಿರುಗಿದರು, ಅವರೆದುರು ಎರಡು ಜಡೆ, ಅಲ್ಲಾಡದೆ, ನೆಟ್ಟಗೆ, ಎರಡು ಜಡೆ —