ಪಾರಿವಾಳದ ಕಾಲಂ

ಕಮಲಾಪುರದಲ್ಲಿ ನೂರಕ್ಕೆ ಎಂಬತ್ತೊಂದು ಜನರಿಗೆ ಪಾರ್ಶ್ವವಾಯು ಆಗಿದೆ ಎಂದು ಶೇವಂತಾ ತುಂಬಿಕೊಂಡು ಬಂದ ಫಾರ್ಮುಗಳು ಹೇಳುತ್ತಿದ್ದವು.

ತೊಂಬತ್ತಾರನೆಯ ಇಸವಿ. ಕಲಬುರಗಿಯ ಸೇಡಂ ರಸ್ತೆಯ ದವಾಖಾನೆಯೊಂದರ ಮೆದುಳಿನ ಡಾಕ್ಟರು ಆ ಫಾರ್ಮುಗಳ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದರು. ಮೈಸೂರು ಕಡೆಯವರು, ಸಿಟ್ಟು ಬಂದರೂ ಬಹುವಚನ ಬಿಡುತ್ತಿರಲಿಲ್ಲ.

"ಏನಮ್ಮಾ ಇದು? ಊರಿಗೆ ಊರೇ ಹಾಸಿಗೆ ಹಿಡಿದಿದ್ದರೆ ಅಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿರುವವರು ಯಾರು, ಹೇಳಿ?"

ಶೇವಂತಾ ತನ್ನ ಚಪ್ಪಲಿ ನೋಡುತ್ತಾ ನಿಂತಳು. ಉತ್ತರ ಅವಳಿಗೆ ಗೊತ್ತಿತ್ತು. ಪ್ರಶ್ನೆಗೆ ಒಂದಕ್ಷರ ಕೂಡಿಸಬಾರದು, ಕಳೆಯಬಾರದು ಎಂದು ಈ ಡಾಕ್ಟರೇ ಹೇಳಿದ್ದರು. ಅವಳು ಹಾಗೆಯೇ ಓದಿದಳು: "ನಿಮಗೆ ಎಂದಾದರೂ ಪಾರ್ಶ್ವವಾಯು ಉಂಟಾಗಿದೆಯೇ?" ಮಂದಿಗೆ ತಿಳಿದದ್ದು ಕೊನೆಯ ವಾಯು ಒಂದೇ. "ಕಡ್ಲಿಬ್ಯಾಳಿ ತಿಂದ್ರ ಆಗ್ತದವ್ವಾ, ಯಾರಿಗಾಗಂಗಿಲ್ಲ?" ಎಂದರು. ಒಬ್ಬ ಮುದುಕನಂತೂ ಪುರಾವೆ ಬೇಕೇನು ಎಂದು ಕೇಳಿದ್ದ. ಅವಳು ಅವಸರದಿಂದ 'ಹೌದು' ಎಂದು ಗುರುತು ಹಾಕಿ ಮುಂದಿನ ಮನೆಗೆ ಹೋಗಿದ್ದಳು.

ಇದನ್ನೆಲ್ಲ ಹೇಳಬೇಕೆಂದರೆ ಬಾಯಿ ತೆರೆಯಬೇಕಿತ್ತು. ಅದೇ ಅವಳಿಂದ ಆಗದ ಕೆಲಸ.

"ಪಾರ್ಶ್ವವಾಯು ಆದವರು ಇಲ್ಲಿಗೆ ಬರಲು ಎರಡು ಮೂರು ದಿನ ಯಾಕೆ ತಡ ಮಾಡುತ್ತಾರೆ? ನಮಗೆ ಗೊತ್ತಾಗಬೇಕಾದದ್ದು ಅಷ್ಟೇ," ಎಂದರು ಡಾಕ್ಟರು. "ಶನಿವಾರದೊಳಗೆ ಸರಿಯಾದ ಫಾರ್ಮು ಬರದಿದ್ದರೆ ನಿಮ್ಮ ಜಾಗಕ್ಕೆ ಬೇರೆಯವರನ್ನು ಕರೆಸುತ್ತೇನೆ."

ಶರಣಸಿರಸಗಿಯ ತಮ್ಮ ಕೇರಿಯಲ್ಲಿ ಬಿ.ಎ. ಮುಗಿಸಿದ ಮೊದಲ ಹುಡುಗಿ ಶೇವಂತಾ. ಈ ದವಾಖಾನೆಯಲ್ಲಿ ಅವಳಿಗೊಂದು ಕುರ್ಚಿ ಇತ್ತು, ಅದರ ಬೆನ್ನಿಗೆ ಅವಳ ಹೆಸರಿನ ಚೀಟಿ. ಅಪ್ಪ ಮಾಪಣ್ಣ ಆ ಕುರ್ಚಿ ನೋಡಲೆಂದೇ ಎರಡು ಸಲ "ನೆಗಡಿ ಆಗ್ಯಾದ್ರಿ" ಎಂದು ಬಂದು, ಬೇಡದ ಗುಳಿಗೆ ನುಂಗಿ ಹೋಗಿದ್ದ.

ಹೊರಗೆ ನರ್ಸ್ ಮುನೀರಾ ಕಾಯುತ್ತಿದ್ದಳು. ಮೋಮಿನಪುರದವಳು, ಬಾಯಿಗೆ ಬೀಗವಿಲ್ಲದವಳು. ಫಾರ್ಮಿನ ಅಂಚಿನಲ್ಲಿ ಶೇವಂತಾ ಪೆನ್ಸಿಲ್ಲಿನಿಂದ ಬರೆದಿದ್ದ 'ಕಡ್ಲಿಬ್ಯಾಳಿ' ಓದಿ ಗೋಡೆ ಹಿಡಿದು ನಕ್ಕಳು.

"ಇಷ್ಟೆಲ್ಲಾ ಬರಿಲಾಕ ಬರ್ತದ, ಹೇಳ್ಲಾಕ ಬರಂಗಿಲ್ಲ? ನಡೀ, ನಾಳಿ ನಾನೂ ಬರ್ತೀನಿ."

ಮರುದಿನ ಕಮಲಾಪುರದಲ್ಲಿ ಮುನೀರಾ ಫಾರ್ಮು ಮುಟ್ಟಲೇ ಇಲ್ಲ. ಪಾರ್ಶ್ವವಾಯುವಿಗೆ ಊರಿನ ಮಂದಿ ಅನ್ನುವ ಹೆಸರನ್ನೇ ಹಿಡಿದು, "ಮನ್ಯಾಗ ಯಾರಿಗರೆ ಲಕ್ವಾ ಹೊಡದದೇನ್ರೀ?" ಎಂದು ಕೂಗಿದಳು. ಊರಿಗೆ ಊರೇ ಬೆರಳು ತೋರಿಸಿತು. ಬರೀ ಒಂಬತ್ತು ಮನೆ. ಮೊದಲನೆಯದು ಭೀಮಬಾಯಿಯದು, ಗಂಡ ಚಂದ್ರಶಾ ಬಾಯಿ ಸೊಟ್ಟಗಾಗಿ ಮಂಚ ಹಿಡಿದಿದ್ದ.

"ಲಕ್ವಾ ಹೊಡದ ಮ್ಯಾಲ ಮೊದ್ಲ ಎಲ್ಲಿಗಿ ಹೋದ್ರಿ, ಯವ್ವಾ?" ಶೇವಂತಾ ಮೆಲ್ಲಗೆ ಕೇಳಿದಳು.

"ಎಲ್ಲಿಗಿ ಹೋಗ್ತಾರವ್ವ? ಪಾರಿವಾಳ ತರ್ಲಾಕ! ಅದರ ಬಿಸಿ ರಗತ ತಿಕ್ಕಿದ್ರ ಬಿದ್ದ ಕೈ ಏಳ್ತದಂತ. ನನ್ನ ಮಗ ಕಲಬುರಗಿಗಿ ಹೋದ. ಮೋಮಿನಪುರದಾಗ ಹುಸೇನ ಅಂತ ಅದಾನ, ಅವನ ಕಡಿ. ಕರೀದು ಸಿಗಲಿಲ್ಲಂತ ಎರಡ ದಿನ ಅಲ್ಲೇ ಕುಂತ."

ಮಂಚದಿಂದ ಚಂದ್ರಶಾ ತೊದಲಿದ: "ನಾ ಇಲ್ಲಿ ಬಿದ್ದೀನಿ. ಅಂವ ಅಲ್ಲಿ ಬಣ್ಣ ಆರಸ್ಲಾಕತ್ತಿದ್ದ."

ಒಂಬತ್ತೂ ಮನೆಯಲ್ಲಿ ಅದೇ ಹಾಡು: ಪಾರಿವಾಳ, ಹುಸೇನ, ಎರಡು ದಿನ. ಮನೆಯಿಂದ ಮನೆಗೆ ಮುನೀರಾಳ ನಗು ಸಣ್ಣದಾಗುತ್ತಾ ಬಂತು. ಬಸ್ಸಿನಲ್ಲಿ ಕೂತ ಮೇಲೆ ಶೇವಂತಾಳ ಪೆನ್ಸಿಲ್ ಹಿಡಿದಳು.

"'ಇತರೆ' ಅಂತ ಬರಿ, ಸಾಕು. ಹುಸೇನ ನನ್ನ ಮಾಮೂ, ನಮ್ಮಮ್ಮಿ ತಮ್ಮ. ಸಾಹೇಬ್ರು ಪೊಲೀಸರ್ನ ಕಳಿಸಿದ್ರಂದ್ರ ನಮ್ಮಮ್ಮಿ ನನ್ನ ಮನಿ ಒಳಗ ಬಿಡಂಗಿಲ್ಲ."

ಒಂಬತ್ತು ಸಲ 'ಇತರೆ' ಎಂದು ಬರೆದರೆ ಕುರ್ಚಿ ಹೋಗುತ್ತಿತ್ತು. 'ಪಾರಿವಾಳ' ಎಂದು ಬರೆದರೆ ಮುನೀರಾ ಹೋಗುತ್ತಿದ್ದಳು. ಶೇವಂತಾ ಫಾರ್ಮುಗಳನ್ನು ಮಡಚಿ ಚೀಲಕ್ಕೆ ಹಾಕಿದಳು. ಆಮೇಲೆ ಅಂದಳು: "ಮುನೀರಾ ಆಪಾ, ನಿಮ್ಮ ಮಾಮೂಗ ಒಮ್ಮಿ ಭೇಟಿ ಮಾಡಸ್ರಿ."

ಶನಿವಾರ ಡಾಕ್ಟರ ಕೋಣೆಗೆ ಅವಳ ಹಿಂದೆ ಲುಂಗಿ ಉಟ್ಟ ಒಬ್ಬ ಮನುಷ್ಯ ಪಂಜರ ಹಿಡಿದು ಬಂದ. ಪಂಜರದೊಳಗಿಂದ ಗುಟುರ್ ಗುಟುರ್ ಸದ್ದು.

"ಯಾರಿವರು?"

ಶೇವಂತಾ ಫಾರ್ಮುಗಳನ್ನು ಮೇಜಿನ ಮೇಲಿಟ್ಟಳು. "ಸರ್, ಇವರು... ಪೇಶೆಂಟಿನ ಮಂದಿಗಿ ನಮಗಿಂತ ಎರಡ ದಿನ ಮೊದ್ಲ ನೋಡ್ತಾರ."

"ಸಲಾಂ ಸಾಬ್," ಎಂದ ಹುಸೇನ. "ನನ್ನ ಅಂಗಡಿಗಿ ವಾರಕ್ಕ ಮೂರು ಲಕ್ವಾ ಬರ್ತಾವ್ರಿ. ನಿಮಗ?"

"ತಿಂಗಳಿಗೆ... ಎರಡು."

"ಹಂಗಾದ್ರ ದೊಡ್ಡ ದವಾಖಾನಿ ನಂದೇ ಆಯ್ತಲ್ರೀ."

ಮುನೀರಾ ಕಿಟಕಿಯ ಕಡೆ ತಿರುಗಿ ಸೆರಗು ಕಚ್ಚಿದಳು. ಡಾಕ್ಟರು ಒಂಬತ್ತು ಫಾರ್ಮುಗಳನ್ನು ಒಂದೊಂದಾಗಿ ಓದಿದರು. ಅವರ ಮುಖ ಕೆಂಪಾಗುವ ಮೊದಲೇ ಶೇವಂತಾ ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಇನ್ನ ಮ್ಯಾಲ ಇವರು ಲಕ್ವಾಕ್ಕ ಅಂತ ಬಂದೋರಿಗಿ ಅಂಗಡ್ಯಾಗ ಪಾರಿವಾಳ ಕೊಡಂಗಿಲ್ರೀ ಸರ್. ಪೇಶೆಂಟಿಗಿ ಕರ್ಕೊಂಡು ದವಾಖಾನಿ ಗೇಟಿಗಿ ಬರ್ರಿ, ಅಲ್ಲೇ ಕೊಡ್ತೀನಿ ಅಂತಾರ. ಒಮ್ಮಿ ಗೇಟಿಗಿ ಬಂದ್ರಂದ್ರ..."

"ಒಳಗ ಎಳ್ಕೊಳ್ಳೋದು ನನಗ ಬಿಡ್ರಿ," ಎಂದಳು ಮುನೀರಾ.

"ಪಾರಿವಾಳ ಔಷಧವಲ್ಲ, ಹುಸೇನರೇ!"

"ಅದು ನನಗೂ ಗೊತ್ತದ ಸಾಬ್. ಹಕ್ಕಿನೂ ಉಳೀತದ, ಮನಶ್ಯಾನೂ ಉಳೀತಾನ. ನುಕ್ಸಾನ ಏನು?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. "ಒಂದು ತಿಂಗಳು ನೋಡೋಣ," ಎಂದರು.

ಕಮಲಾಪುರದಲ್ಲಿ ಸುದ್ದಿ ಹಬ್ಬಿಸುವುದನ್ನು ಭೀಮಬಾಯಿ ಯಾರೂ ಹೇಳದೆಯೇ ವಹಿಸಿಕೊಂಡಳು. ಎಂಟನೆಯ ದಿನ ಅಲ್ಲಿಂದ ಲಕ್ವಾ ಹೊಡೆದ ಇನ್ನೊಬ್ಬನನ್ನು ಟೆಂಪೋದಲ್ಲಿ ಹಾಕಿಕೊಂಡು ನೇರವಾಗಿ ಗೇಟಿಗೆ ಬಂದರು. "ಪಾರಿವಾಳ ಎಲ್ಲದ?" ಎಂದು ಅವರು ಹುಡುಕುವಷ್ಟರಲ್ಲಿ ಮುನೀರಾಳ ಸ್ಟ್ರೆಚರ್ ಒಳಗಿತ್ತು. ಲಕ್ವಾ ಹೊಡೆದು ಗೇಟಿಗೆ ಬರಲು ಹಿಡಿದ ಹೊತ್ತನ್ನು ಶೇವಂತಾ ಫಾರ್ಮಿನಲ್ಲಿ ಬರೆದಳು: ಎರಡೂವರೆ ತಾಸು.

ಡಾಕ್ಟರು ಅದನ್ನು ಎರಡು ಸಲ ಓದಿದರು. ಅಚ್ಚಾದ ಫಾರ್ಮಿನ ಮೇಲೆ ಸ್ಕೇಲು ಇಟ್ಟು ತಾವೇ ಹೊಸ ಕಾಲಂ ಎಳೆದು 'ಪಾರಿವಾಳ' ಎಂದು ಬರೆದರು. ಪಾರ್ಶ್ವವಾಯು ಎಂಬುದನ್ನು ಹೊಡೆದುಹಾಕಿ, ಪೆನ್ನು ಎತ್ತಿ ಹಿಡಿದು, ಯಾರಿಗೂ ಕೇಳಿಸದಂತೆ ಶೇವಂತಾಳನ್ನು ಕೇಳಿದರು: "ಲಕ್ವಾ... ಕ-ಕ್ಕೆ ವ ಒತ್ತು ತಾನೇ?"

"ಹೌದ್ರಿ ಸರ್," ಎಂದಳು ಶೇವಂತಾ, ಗಟ್ಟಿಯಾಗಿ.

ಅದೇ ವಾರ ಮಾಪಣ್ಣನಿಗೆ ಮೂರನೆಯ ಸಲ ನೆಗಡಿಯಾಯಿತು. ಒಳಗೆ ಇಣುಕಿದರೆ ಮಗಳ ಕುರ್ಚಿಯ ಮೇಲೆ ಪಂಜರ, ಅದರೊಳಗೆ ಎರಡು ಕರಿ ಪಾರಿವಾಳ. ಬೆನ್ನಿಗೆ ಹೆಸರಿನ ಚೀಟಿ ಇದೆಯೇ ಎಂದು ಅವನು ಬಗ್ಗಿ ನೋಡಿದ.

"ಯವ್ವಾ, ನಿನ್ನ ಕುರ್ಚಿ?"

"ನಂದೇ ಅದ ಅಪ್ಪಾ," ಎಂದಳು ಶೇವಂತಾ, ನಿಂತೇ ಬರೆಯುತ್ತಾ. "ಇವೂ ನಮ್ಮ ಟೀಮಿನವೇ. ಇವತ್ತ ಮೀಟಿಂಗ್ ಅದ."