ಕುಬಸದ ಪಚಡಿ

ತವರೂರು ದುಂಡಸಿಗೆ ಕಾಮಣಿ, ಅಂದರೆ ಕಾಮಾಲೆ, ಹೊಕ್ಕ ಸುದ್ದಿ ಸಮತಾಳಿಗೆ ಸಿಕ್ಕಿದ್ದು ಶಿಗ್ಗಾಂವಿಯಿಂದ ಹೊರಟ ಬಸ್ಸಿನಲ್ಲಿ. ಪಕ್ಕದಲ್ಲಿ ಕುಳಿತಿದ್ದ ಓಣಿಯ ಶೇಖವ್ವ ಪಿಸುಗುಟ್ಟಿದಳು: "ನಳದ ನೀರಿಗೆ ಗಟಾರ ಕೂಡೇತಂತ. ಮೂರ್ನಾಕು ಮಂದಿ ಕಣ್ಣು ಹಳದಿ ಆಗ್ಯಾವು. ನಿಮ್ಮ ಮನ್ಯಾಗ ಇವತ್ತ ಕುಬಸ ಅಲ್ಲೇನವಾ?"

ಕುಬಸವೇ, ತಂಗಿಯ ಸೀಮಂತ. ತಂಗಿ ಸಂಘಮಿತ್ರಾ ಏಳು ತಿಂಗಳ ಬಸುರಿ. ಒಂದು ಬಗೆಯ ಕಾಮಣಿ ವೈರಸ್ಸು ಬಸುರಿಯರ ಜೀವಕ್ಕೇ ಎರವಾಗುತ್ತದೆಂದು ಸಮತಾಳಿಗೆ ಚೆನ್ನಾಗಿ ಗೊತ್ತು. ಧಾರವಾಡದ ಲ್ಯಾಬಿನಲ್ಲಿ ಅವಳ ಕೆಲಸವೇ ಅದು: ಮೊಸರಿನ ಸೂಕ್ಷ್ಮಜೀವಿಗಳು ಹುಟ್ಟಿಸುವ ಪೆಪ್ಟೈಡ್ ಎಂಬ ಪ್ರೋಟೀನಿನ ಚೂರುಗಳು ಅನ್ನ ನೀರಿನಲ್ಲಿ ಬರುವ ವೈರಸ್ಸನ್ನು ತಡೆಯಬಲ್ಲವೇ ಎಂದು ನೋಡುವುದು. ಈಚೆಗೆ ಒಮ್ಮೆ, ಗಾಜಿನ ತಟ್ಟೆಯೊಳಗೆ, ತಡೆದಿದ್ದವು. ಹಿಗ್ಗಿ ಹೀರೇಕಾಯಿಯಾಗಿ ಅವ್ವನಿಗೆ ಫೋನು ಮಾಡಿ, "ನಿನ್ನ ಮೊಸರಿನ್ಯಾಗ ಕಾಮಣಿಗೆ ಔಷಧ ಸಿಕ್ಕೇತಬೇ" ಅಂದುಬಿಟ್ಟಿದ್ದಳು. ಕೂಸು ಹುಟ್ಟುವ ಮೊದಲೇ ಕುಲಾವಿ! ಗಾಜಿನ ತಟ್ಟೆಯ ಮಾತನ್ನು ಮಾತ್ರ ಎತ್ತಿರಲಿಲ್ಲ.

ಮನೆ ಮುಟ್ಟಿದಾಗ ಪಡಸಾಲೆ ತುಂಬ ಹೆಂಗಸರು. ಹಸಿರು ಸೀರೆ, ಹಸಿರು ಬಳೆಯ ಸಂಘಮಿತ್ರಾಳ ಬಾಯಿಗೆ ಅವ್ವ ಉಡಚವ್ವ ರೊಟ್ಟಿ ಮುರಿದು, ಹಸಿ ಮೆಂತ್ಯಸೊಪ್ಪಿನ ಪಚಡಿ ಇಟ್ಟು ತುತ್ತು ಕೊಡುತ್ತಿದ್ದಳು.

"ಯಬೇ, ಪಲ್ಲೆ ಯಾವ ನೀರಾಗ ತೊಳದಿ?" ಸಮತಾ ಕೇಳಿದಳು.

"ನಳದ ನೀರಾಗ. ಕಾಸಿದ ನೀರು ಹಾಕಿದ್ರ ಮೆಂತೆ ಬಾಡತೈತಿ. ಅದಕ್ಕ ಆಮ್ಯಾಲೆ ಮಜ್ಜಿಗ್ಯಾಗ ಅದ್ದಿ ತಗದೇನಿ. ನಿಂದ ಔಷಧ!" ಅವ್ವ ಹೆಂಗಸರ ಕಡೆ ತಿರುಗಿ ನಕ್ಕಳು. ಅವಳ ಮುಖದಲ್ಲಿ ಅಷ್ಟು ಹೆಮ್ಮೆಯನ್ನು ಸಮತಾ ಎಂದೂ ಕಂಡಿರಲಿಲ್ಲ.

ಕುಬಸದಲ್ಲಿ ಕೆಟ್ಟ ಮಾತು ಆಡಬಾರದು, ಬಸುರಿಯ ಮುಂದಿನ ತಾಟು ಅರ್ಧಕ್ಕೆ ಎತ್ತಬಾರದು. ಸಮತಾ ತಾಟನ್ನು ಕಸಿದುಕೊಂಡಳು. ಯಾರೋ "ಅಯ್ಯ, ಅಪಶಕುನ!" ಅಂದರು.

"ಅದು ಔಷಧ ಅಲ್ಲಬೇ." ಸಮತಾ ಅವ್ವನ ಕಡೆ ತಿರುಗಿದಳು. "ಲ್ಯಾಬಿನ ಗಾಜಿನ ತಟ್ಟ್ಯಾಗ ಅಷ್ಟ ನೋಡೇವಿ. ಮಜ್ಜಿಗ್ಯಾಗ ಅದ್ದಿದ್ರ ಏನೂ ಸಾಯೂದಿಲ್ಲ. ನಾನ ತಪ್ಪು ಹೇಳೇನಿ."

ಉಡಚವ್ವನ ಕೈಯಲ್ಲಿದ್ದ ತುತ್ತು ನೆಲಕ್ಕೆ ಬಿತ್ತು.

"ನಾ ಮೊದಲ ಬ್ಯಾಡ ಅಂದಿದ್ದೆ ಅಕ್ಕಾ," ಅಂದಳು ಸಂಘಮಿತ್ರಾ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. "ಕಾಮಣಿ ಅಂಜಿಕಿ ನನಗೂ ಇತ್ತು. ಅವ್ವ ನಿನ್ನ ಹೆಸರು ಹೇಳಿದ್ಲು. ಅದಕ್ಕ ತಿಂದೆ." ಆಮೇಲೆ ಕೇಳಿದಳು: "ಹತ್ತೇತೋ ಇಲ್ಲೋ ಯಾವಾಗ ತಿಳೀತೈತಿ?"

"ತಿಂಗಳಾದ್ರೂ ಬೇಕು."

"ಅಲ್ಲೀತನಕ ಏನ್ ಮಾಡೂದು?"

ನಾಳೆಯೇ ದವಾಖಾನೆಗೆ ಹೋಗೋಣ, ಇನ್ನು ಕಾಸಿದ ನೀರನ್ನೇ ಕುಡಿ ಎಂದೆಲ್ಲ ಸಮತಾ ಹೇಳಿದಳು. ತಿಂದದ್ದನ್ನು ತಡೆಯುವಂಥದು ಅವಳ ಬಳಿ ಏನೂ ಇರಲಿಲ್ಲ. ಹೇಳುತ್ತಿದ್ದಂತೆಯೇ ತಂಗಿಯ ಕಣ್ಣಿನ ಬಿಳುಪಿನಲ್ಲಿ ಹಳದಿ ಹುಡುಕತೊಡಗಿದ್ದಳು. ಅದು ಸಂಘಮಿತ್ರಾಳಿಗೂ ತಿಳಿಯಿತು, ಮುಖ ಆಚೆ ತಿರುಗಿಸಿದಳು.